ಆರ್ಡರಿಗೂ ಒಂದು ರೀ

ನಮ್ಮ ಜಮಖಂಡಿ ಕಡೆ ಯಾರು ಎದುರಾದರೂ ಮೊದಲ ಮಾತು "ಆರಾಮೇನ್ರಿ?", ಉತ್ತರ "ಆರಾಮ್ ರೀ". ಜ್ವರ ಬಂದು ನಡುಗುತ್ತಿದ್ದರೂ ಅದೇ ಉತ್ತರ. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕನಾದ ನನಗೆ ಇದೊಂದು ದೊಡ್ಡ ತಲೆನೋವು.

ಮಾಜಿ ಸೈನಿಕ ಬೀರಪ್ಪನವರೂ ಪ್ರತಿಸಲ "ಆರಾಮ್ ರೀ" ಅಂದು, ಕುರ್ಚಿಯ ತುದಿಯಲ್ಲಿ ನೆಟ್ಟಗೆ ಕೂತು ಬಾಗಿಲನ್ನೇ ನೋಡುತ್ತಿದ್ದರು. ಗಡಿಯಲ್ಲಿ ಗೆಳೆಯನೊಬ್ಬ ಅವರ ಕಣ್ಣೆದುರೇ ಸತ್ತಿದ್ದನಂತೆ. ಹೇಳಿದವರು ಪ್ರತಿಸಲ ಜೊತೆಗೆ ಬಂದು ಪಕ್ಕದಲ್ಲಿ ಕೂರುತ್ತಿದ್ದ ಹೆಂಡತಿ ಮಾಳವ್ವ. "ಮದುವಿ ಮನ್ಯಾಗ ಪಟಾಕಿ ಹೊಡದ್ರ ನೆಲಕ್ಕ ಬೀಳ್ತಾರ್ರಿ. ಆರಾಮ್ ಎಲ್ಲಿಂದ ಬಂತು?"

ಒಂದು ದಿನ ಬೇರೇನೂ ತೋಚದೆ ಕೇಳಿದೆ: "ಮಿಲಿಟ್ರಿಯೊಳಗ ಆರಾಮ್ ಅಂದ್ರ ಏನ್ರಿ?"

"ಅದು ಆರ್ಡರ್ ರೀ. ಸಾವಧಾನ್ ಅಂದ್ರ ಬಿಗಿಯಾಗಿ ನಿಂದರಬೇಕು. ಆರಾಮ್ ಸೇ ಅಂದ್ರ ಮೈ ಸಡ್ಲ ಬಿಡಬೇಕು. ನಾವ ಬಿಡಾಂಗಿಲ್ಲ, ಯಾರರ ಹೇಳಬೇಕು."

"ಊರಿಗೆ ಬಂದ ಮ್ಯಾಲೆ ಯಾರರ ಹೇಳಿದ್ರೇನ್ರಿ?"

ಅವರು ಇಲ್ಲವೆಂದು ತಲೆ ಅಲ್ಲಾಡಿಸಿದರು. ಗಂಡನ ಜೊತೆ 'ರೀ' ಹಚ್ಚದೆ ಎಂದೂ ಮಾತಾಡದ ಮಾಳವ್ವ, ಸೆರಗು ಸರಿಮಾಡಿಕೊಂಡು ಎದ್ದು ನಿಂತು ಕೂಗಿದರು: "ಆರಾಮ್ ಸೇ ರೀ!"

ಬೀರಪ್ಪ ನಕ್ಕುಬಿಟ್ಟರು. "ಆರ್ಡರಿಗೆ ಯಾರರ ರೀ ಹಚ್ಚತಾರೇನ?" ನಗುತ್ತಲೇ ಭುಜ ಇಳಿಯಿತು, ಬೆನ್ನು ಕುರ್ಚಿಗೆ ತಾಗಿತು, ಕಣ್ಣು ತುಂಬಿತು. ಸತ್ತ ಗೆಳೆಯನ ಹೆಸರನ್ನು ಅವತ್ತೇ ಮೊದಲ ಸಲ ಹೇಳಿದರು.

ಮುಂದಿನ ವಾರ ಬಂದಾಗ ರೂಢಿಯಂತೆ "ಆರಾಮೇನ್ರಿ?" ಎಂದೆ.

"ಇಲ್ರಿ" ಅಂದರು, ಕುರ್ಚಿಗೆ ಆರಾಮಾಗಿ ಒರಗಿ ಕೂತು.

ಆ ಉತ್ತರ ಕೇಳಿ ಖುಷಿಪಟ್ಟವ ಇಡೀ ಜಮಖಂಡಿಯಲ್ಲಿ ನಾನೊಬ್ಬನೇ ಇರಬೇಕು.