ಹಳೇ ಖಣಿಯ ದಾರಿ ನೋಡುವ ಸಿದ್ದವ್ವ

ಮುದ್ದೇಬಿಹಾಳದಿಂದ ಒಂಬತ್ತು ಕಿಲೋಮೀಟರ್ ದೂರದಲ್ಲಿ, ಕೃಷ್ಣೆಯ ಹಿನ್ನೀರಿನ ಕಡೆಗೆ, ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ, ಕೆಲಸ ನಿಂತುಹೋದ ಒಂದು ಖಣಿ ಇದೆ. ಸಿದ್ದವ್ವ ಹುಡುಗಿಯಾಗಿದ್ದಾಗ ಅಪ್ಪನ ಜೊತೆ ಅಲ್ಲಿ ಕಲ್ಲು ಹೊತ್ತವಳು. ತಳದಲ್ಲಿ ನೀರು ಒಸರತೊಡಗಿ ಖಣಿ ಮುಚ್ಚಿತು. ಸುತ್ತಲಿನ ಬೋಳು ದಿನ್ನೆಯ ಮೇಲೆ ಅರಣ್ಯದವರು ಬೇವು, ಹುಲಗಲಿ ಎನ್ನುವ ಹೊಂಗೆ, ಕರಿಜಾಲಿ ಸಸಿ ಹಚ್ಚಿದರು. ಸಸಿಗಳಿಗೆ ನೀರು ಹಾಕಲು ಸೇರಿದ ಸಿದ್ದವ್ವ, ಅವು ಬೆಳೆದು ಅಡವಿಯಾದ ಮೇಲೂ ಅದರ ಕಾವಲಿನ ಕೆಲಸದಲ್ಲೇ ಉಳಿದಳು. ಈಗ ಅವಳಿಗೆ ಐವತ್ನಾಲ್ಕು.

ನಾಲ್ಕು ವರ್ಷಗಳಿಂದ ಚಳಿಗಾಲದ ಭಾನುವಾರಗಳಂದು ಮುದ್ದೇಬಿಹಾಳದ ಕೆಲವರು ಆ ಅಡವಿಯಲ್ಲಿ ನಡೆಯಲು ಬರುತ್ತಾರೆ. ಔಷಧಿ ಅಂಗಡಿಯ ಅಮಿತ ಫೋನಿನಲ್ಲಿ ಒಂದು ಗುಂಪು ಮಾಡಿ ಸಿದ್ದವ್ವನನ್ನೂ ಸೇರಿಸಿದ್ದ. ದಾರಿ ಹೇಗಿದೆ ಎಂದು ಶನಿವಾರ ಹೇಳುವುದು ಅವಳ ಪಾಲಿಗೆ ಬಂದಿತು. ಅವಳಿಗೆ ಬರೆಯಲು ಅಷ್ಟಾಗಿ ಬಾರದು. ಫೋನನ್ನು ಬಾಯಿಯ ಹತ್ತಿರ ಹಿಡಿದು ಹೇಳುತ್ತಿದ್ದಳು:

"ಬೇವಿನ ಸಾಲಿನತನಕ ದಾರಿ ಹಸನ ಐತ್ರಿ. ಮುಂದ ಕರಿಜಾಲಿ ಮುಳ್ಳ ಉದುರ್ಯಾವ, ಬೂಟ ಹಾಕ್ಕೊಂಡ ಬರ್ರಿ. ಹುಲ್ಲ ಒಣಗೇತಿ, ಯಾರೂ ಬೀಡಿ ಹಚ್ಚಬ್ಯಾಡ್ರಿ. ಎಡಕ್ಕಿನ ಕಲ್ಲಗುಂಪಿನಾಗ ಹಾವಿನ ಪೊರಿ ಕಂಡೇತಿ, ಅಲ್ಲಿ ಕೂಡಬ್ಯಾಡ್ರಿ."

ಅವಳು ಹೇಳಿದ್ದು ಒಮ್ಮೆಯೂ ತಪ್ಪಾಗಿರಲಿಲ್ಲ. ಹೀಗಾಗಿ ಬರುವವರು ಅವಳ ದನಿ ಕೇಳಿದ ಮೇಲೇ ಹೊರಡುವುದು ರೂಢಿಯಾಗಿತ್ತು.

ಹೋದ ಡಿಸೆಂಬರಿನ ಒಂದು ಶನಿವಾರ ಮನೆಯ ರೊಟ್ಟಿ, ಎಮ್ಮೆಯ ಕೆಲಸ ಎಲ್ಲ ಮುಗಿಸಿ ಅವಳು ಎಂದಿನಂತೆ ಹನ್ನೊಂದರ ಹೊತ್ತಿಗೆ ಅಡವಿಗೆ ಹೋದಳು. ಅಕ್ಟೋಬರ್ ಕೊನೆಯವರೆಗೂ ಮಳೆ ಬಿದ್ದಿದ್ದರಿಂದ ಖಣಿಗೆ ಇಳಿಯುವ ಹದಿನೇಳು ಮೆಟ್ಟಿಲುಗಳ ಮೇಲೆ ಅಲ್ಲಲ್ಲಿ ಕಪ್ಪು ಕಲೆಗಳಿದ್ದವು. ಕಾಲಿನಿಂದ ಉಜ್ಜಿ ನೋಡಿದಳು. ಒಣಗಿದ್ದವು. "ಮೆಟ್ಟಲಾ ಒಣಗ್ಯಾವ್ರಿ, ಇಳೀಬಹುದು" ಎಂದು ಹೇಳಿ ಕಳಿಸಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಒಂಬತ್ತು ಜನ ಖಣಿ ಮುಟ್ಟಿದರು. ಹಿನ್ನೀರಿನ ಕಡೆಯಿಂದ ಎದ್ದ ಮಂಜು ಗಿಡಗಳ ನಡುವೆ ನಿಂತಿತ್ತು. ಎಲೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಮುಂದೆ ಇದ್ದವರು ಭಾಗೀರಥೀಬಾಯಿ. ಕನ್ನಡ ಶಾಲೆಯ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದ ಅವರಿಗೆ ಅರವತ್ತೆಂಟು. ಮೂರನೆಯ ಮೆಟ್ಟಿಲಿಗೆ ಕಾಲಿಟ್ಟದ್ದೇ ಜಾರಿ ಎಡಗೈ ಊರಿ ಬಿದ್ದರು. ಮಣಿಕಟ್ಟು ಮುರಿಯಿತು. ಅಮಿತ ಅವರದೇ ಶಾಲಿನಿಂದ ಕೈಯನ್ನು ಕೊರಳಿಗೆ ಕಟ್ಟಿದ. ಎಲ್ಲರೂ ನಿಧಾನವಾಗಿ ತಿರುಗಿ ನಡೆದರು.

ಸುದ್ದಿ ತಿಳಿದು ಸಿದ್ದವ್ವ ರೊಟ್ಟಿ ಹಂಚು ಕೆಳಗಿಟ್ಟು ಓಡಿಬಂದಳು. ಅರ್ಧ ದಾರಿಯಲ್ಲಿ ಅವರು ಎದುರಾದರು. ಭಾಗೀರಥೀಬಾಯಿಯವರ ಮುಖ ಬಿಳಿಚಿಕೊಂಡಿತ್ತು. ಅವರನ್ನು ಕಾರು ಹತ್ತಿಸಿ, ಸಿದ್ದವ್ವ ಒಬ್ಬಳೇ ಖಣಿಗೆ ಹೋದಳು. ಮೊದಲ ಮೆಟ್ಟಿಲಿನ ಮೇಲೇ ಅವಳ ಕಾಲೂ ಜಾರಿತು. ಪಕ್ಕದ ಹುಲಗಲಿ ಕೊಂಬೆ ಹಿಡಿದು ನಿಂತಳು. ನಿನ್ನೆ ಒಣಗಿದ ಕಲೆಯಂತಿದ್ದದ್ದು ಇಂದು ಇಬ್ಬನಿ ಕುಡಿದು ಎಣ್ಣೆ ಸವರಿದಂಥ ಪಾಚಿಯಾಗಿತ್ತು. ಇಷ್ಟು ವರ್ಷಗಳಲ್ಲಿ ಚಳಿಗಾಲದ ಏಳು ಗಂಟೆಗೆ ತಾನು ಇಲ್ಲಿ ನಿಂತದ್ದೇ ಇಲ್ಲ ಎಂಬುದು ಆಗ ಅವಳಿಗೆ ಹೊಳೆಯಿತು. ಖಣಿಯ ಕೆಲಸವೂ ಬಿಸಿಲೇರಿದ ಮೇಲೇ ಶುರುವಾಗುತ್ತಿತ್ತು.

ಫೋನಿನ ಗುಂಪಿನಲ್ಲಿ ಅಂದು ಮಾತು ನಡೆಯಿತು. ಅರಿವೆ ಅಂಗಡಿಯ ಕಾಂತು, "ವಯಸ್ಸಾದವರು ಮೆಟ್ಟಲಾ ಇಳೀಬಾರದಿತ್ತು" ಎಂದ. ಸಿದ್ದವ್ವ ಅವನ ದನಿಯನ್ನು ಎರಡು ಸಲ ಹಚ್ಚಿ ಕೇಳಿದಳು. ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅವಳು ಫೋನನ್ನು ಬಾಯಿಯ ಹತ್ತಿರ ಹಿಡಿದಳು:

"ಕಾಂತು ಅಣ್ಣಾರ, ಅಕ್ಕಾರದೇನೂ ತಪ್ಪಿಲ್ಲ. ನಾ ಬಿಸಲಾಗ ನೋಡಿ ನಿಮ್ಮನ್ನ ನಸಿಕಿನ್ಯಾಗ ಕಳಿಸೇನಿ. ತಪ್ಪ ನಂದೈತಿ."

ಬುಧವಾರ ಒಂದು ಚೀಲ ಹಸಿ ಕಡಲೆ ಸುಲಗಾಯಿ ಹಿಡಿದು ಭಾಗೀರಥೀಬಾಯಿಯವರ ಮನೆಗೆ ಹೋದಳು. ಸೊಸೆ ಮಂಜರಿ ಬಾಗಿಲು ತೆಗೆದಳು. ಭಾಗೀರಥೀಬಾಯಿ ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು.

"ಬಾ, ಕೂಡು," ಎಂದರು. "ಸುಳ್ಳು ಯಾಕ ಹೇಳಲಿ, ಎರಡು ದಿನ ನಿನ್ನ ಮ್ಯಾಲೆ ಭಾಳ ಸಿಟ್ಟಿತ್ತು."

"ಸಿಟ್ಟ ಬರೂದ ಬೇಕ್ರಿ. ನಾ ಇನ್ನ ದಾರಿ ಹೇಳೂದ ಬಿಡ್ತೇನ್ರಿ. ಓದಿದಾಕಿ ಅಲ್ಲ, ಬರದಾಕಿ ಅಲ್ಲ."

"ಓದೂದಕ್ಕೂ ಇದಕ್ಕೂ ಏನು ಸಂಬಂಧ? ನೀ ನೋಡಿದ್ದು ಖರೇನ ಇತ್ತು. ಎಷ್ಟು ಗಂಟೆಕ್ಕ ನೋಡಿದಿ ಅನ್ನೂದು ನೀ ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ಹೋಗೂ ಹೊತ್ತಿಗೆ ನೋಡಿ ಹೇಳು. ಬಿಡೂದೇನು ಬ್ಯಾಡ."

ಸಿದ್ದವ್ವ ಚಹಾ ಕುಡಿದು ಎದ್ದಳು. ಬಸ್ಸಿನಲ್ಲಿ ಕೂತಾಗ ಹಗುರವೆನಿಸಿತು. ಜೊತೆಗೆ, ಇನ್ನು ಚಳಿಯಲ್ಲಿ ಐದಕ್ಕೇ ಏಳಬೇಕಲ್ಲ ಎಂದು ಬೇಸರವೂ ಆಯಿತು.

ಮೆಟ್ಟಿಲು ಸರಿಮಾಡಲು ಅರಣ್ಯದ ಗಾರ್ಡ್ ಸಾಹೇಬರನ್ನು ಕೇಳಿ ಒಪ್ಪಿಗೆ ಪಡೆದಳು. ಖಣಿಯಲ್ಲಿ ಜೊತೆಗೆ ದುಡಿದಿದ್ದ ಬೀರಣ್ಣನನ್ನು ಕರೆದುಕೊಂಡು ಹೋದಳು. ಇಬ್ಬರೂ ತಂತಿ ಬ್ರಷ್ಷಿನಿಂದ ಪಾಚಿ ತಿಕ್ಕಿ ತೆಗೆದರು. ಆಮೇಲೆ ಉಳಿ, ಸುತ್ತಿಗೆ ಹಿಡಿದು, ಕಾಲು ಹಿಡಿತ ಸಿಗುವಂತೆ ಒಂದೊಂದು ಮೆಟ್ಟಿಲಿಗೂ ಅಡ್ಡಡ್ಡ ಕಚ್ಚು ಹೊಡೆದರು. ಹದಿನೇಳು ಮೆಟ್ಟಿಲಿಗೆ ಎಂಟು ದಿನ ಹಿಡಿಯಿತು. ಬೀರಣ್ಣನ ಕೈ ಇನ್ನೂ ನೆಟ್ಟಗಿತ್ತು. ಸಿದ್ದವ್ವನ ಗೆರೆಗಳು ಸೊಟ್ಟಗೆ ಬಂದವು. ಅವನು ನಕ್ಕ, ಅವಳು ಬೈದಳು.

ಅಂದಿನಿಂದ ಭಾನುವಾರ ನಸುಕಿನಲ್ಲೇ ಸಿದ್ದವ್ವ ಸ್ವೆಟರಿನ ಮೇಲೆ ಸೆರಗು ಬಿಗಿದು ಖಣಿಗೆ ಹೋಗಿ ಅಲ್ಲಿಂದಲೇ ಹೇಳತೊಡಗಿದಳು. ಜನವರಿಯ ಒಂದು ಬೆಳಿಗ್ಗೆ ಎದುರಿನ ಗಿಡವೂ ಕಾಣದಷ್ಟು ಮಂಜು. "ಈಗ ಆರ ಗಂಟಿ. ನನಗ ಖಣಿ ಅಂಚ ಕಾಣವಲ್ದು. ಇವತ್ತ ಯಾರೂ ಬರಬ್ಯಾಡ್ರಿ" ಎಂದಳು. ಬೂಟು ಹಾಕಿಕೊಂಡು ತಯಾರಾಗಿದ್ದ ಕಾಂತು ಗೊಣಗಿದ. ಆದರೂ ಬರಲಿಲ್ಲ.

ಫೆಬ್ರುವರಿಯಲ್ಲಿ ಪ್ಲಾಸ್ಟರ್ ಬಿಚ್ಚಿದ ಮೇಲೆ ಭಾಗೀರಥೀಬಾಯಿ ಮತ್ತೆ ಬಂದರು. ಚಳಿ ಇಳಿದಿತ್ತು. ಬೇವು ಎಲೆ ಉದುರಿಸತೊಡಗಿತ್ತು. ಸಿದ್ದವ್ವ ಒಂದು ಮೆಟ್ಟಿಲು ಕೆಳಗೆ ನಿಂತು ಹೆಗಲು ಕೊಟ್ಟಳು. ಅವರು ಅದರ ಮೇಲೆ ಕೈಯಿಟ್ಟು, ಎಣಿಸುತ್ತ ಹದಿನೇಳೂ ಇಳಿದರು. ಅವರು ಎಂದೂ ಇಳಿದು ನೋಡಿರದ ತಳದಲ್ಲಿ ಹಸಿರು ನೀರು, ಎರಡು ಬಾತುಕೋಳಿ, ಒಡೆದ ಫರ್ಸಿಯ ಗುಡ್ಡೆ.

"ಇಷ್ಟೇ ಐತೇನು?" ಎಂದರು ಭಾಗೀರಥೀಬಾಯಿ.

"ಇಷ್ಟೇ ಐತ್ರಿ," ಎಂದಳು ಸಿದ್ದವ್ವ. ಇಬ್ಬರೂ ನಗುತ್ತ ಬಿಸಿಲು ಬಿದ್ದಿದ್ದ ಒಂದು ಚಪ್ಪಡಿ ನೋಡಿ ಕೂತರು.