ಮೊದಲು ನಕ್ಕವನೇ ಸೋತ

ನೀವು ಇದನ್ನು ನಂಬುವುದಿಲ್ಲ. ನಂಬಬೇಡಿ, ನನಗೇನೂ ನಷ್ಟವಿಲ್ಲ. ನಮ್ಮೂರಲ್ಲಿ ನಾನು ಮಳೆ ಬರುತ್ತಿದೆ ಅಂದರೂ ಜನ ಅಂಗಳಕ್ಕೆ ಹೋಗಿ ಅಂಗೈ ಚಾಚಿ ನೋಡಿ ಬರುತ್ತಾರೆ. ಐವತ್ತು ವರ್ಷ ಕಷ್ಟಪಟ್ಟು ಗಳಿಸಿದ ಹೆಸರು ಅದು. ಆದರೂ ಪಂಥ ಕಟ್ಟುತ್ತೇನೆ: ಕೊನೆಯವರೆಗೆ ಓದಿ, ನಂಬದೆ ಇರಿ ನೋಡೋಣ. ಇದರಲ್ಲಿ ಒಂದೇ ಒಂದು ಸಂಗತಿ ನಾನು ಕಟ್ಟಿದ್ದು. ಯಾವುದೆಂದು ಕೊನೆಗೆ ನಾನೇ ಹೇಳುತ್ತೇನೆ. ಅದಕ್ಕೂ ಮೊದಲೇ ಹಿಡಿದರೆ ನೀವು ನನಗಿಂತ ಜಾಣರು. ಅಂಥವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ.

ಅಣ್ಣಿಗೇರಿಯಿಂದ ಶಲವಡಿ ಕಡೆ ಹೋಗುವ ಬಸ್ಸು ಹತ್ತಿದರೆ ನಡುವೆ ನಮ್ಮೂರು ಸಿಗುತ್ತದೆ. ದೇವರು ನನಗೆ ಹೊಲ ಕಡಿಮೆ ಕೊಟ್ಟ, ದನಿ ಹೆಚ್ಚು ಕೊಟ್ಟ. ಒಬ್ಬರ ಮಾತನ್ನು ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅವರದೇ ದನಿಯಲ್ಲಿ ಅವರ ಹೆಂಡತಿಯನ್ನೇ ಕರೆದು ಚಹಾ ತರಿಸುತ್ತೇನೆ. ಊರಿಗೆ ಮೊಬೈಲು ಬಂದ ಮೇಲಂತೂ ಕೇಳಬೇಡಿ. ಕರೆಂಟ್ ಆಫೀಸಿನವನಾಗಿ ಹತ್ತಿ ವ್ಯಾಪಾರಿಗೆ ಫೋನು ಮಾಡಿ ಮನೆಯ ಬಲ್ಬುಗಳನ್ನೆಲ್ಲ ಬಿಚ್ಚಿಸಿ ಎಣಿಸಿದ್ದೇನೆ. ಜಿಲ್ಲೆಯ ದೊಡ್ಡ ಸಾಹೇಬನಾಗಿ ಪಂಚಾಯಿತಿ ಸದಸ್ಯನಿಗೆ ರುಮಾಲು ಸುತ್ತಿಸಿ, ಕೈಯಲ್ಲಿ ಹಾರ ಹಿಡಿಸಿ, ಬಸ್ ನಿಲ್ದಾಣದಲ್ಲಿ ಎರಡು ತಾಸು ನಿಲ್ಲಿಸಿದ್ದೇನೆ. ಕೊನೆಗೆ ಬಸ್ಸಿನಿಂದ ಇಳಿದವನು ನಾನು. ಹಾರವನ್ನು ನನಗೇ ಹಾಕಿದ, ಬೈಯುತ್ತ ಹಾಕಿದ.

ಈ ವಿದ್ಯೆಗೆ ಸರಿಜೋಡಿ ಸಿಕ್ಕಿದ್ದು ಒಬ್ಬನೇ. ಉರ್ದು ಶಾಲೆಯಲ್ಲಿ ಪಾಠ ಹೇಳಿ ನಿವೃತ್ತನಾದ ಮಾಸ್ತರ. ನಮ್ಮ ಓಣಿಯ ಆ ತುದಿಗೆ ಅವನ ಮನೆ, ಈ ತುದಿಗೆ ನನ್ನದು. ನಾನು ಅವನನ್ನು, ಅವನು ನನ್ನನ್ನು ಬಲೆಗೆ ಕೆಡವುವ ಆಟ ನಲವತ್ತು ವರ್ಷದಿಂದ ನಡೆದಿತ್ತು. ಫೋನು ಬಂದ ಮೇಲೆ ಆಟಕ್ಕೊಂದು ಕಾನೂನೂ ಬಂತು. ಫೋನಿನಲ್ಲಿ ಇರುವವನು ಯಾರೆಂದು ಗೊತ್ತಾದರೂ ಗೊತ್ತಾಯಿತು ಅನ್ನಬಾರದು. ಅವನು ಕೇಳಿದ್ದಕ್ಕೆಲ್ಲ ‘ಹೌದ್ರೀ ಸಾಹೇಬ್ರ’ ಅನ್ನುತ್ತ, ಹೇಳಿದ್ದನ್ನೆಲ್ಲ ಮಾಡುತ್ತ ಹೋಗಬೇಕು. ಇಬ್ಬರಲ್ಲಿ ಯಾರು ಮೊದಲು ನಗುತ್ತಾರೋ ಅವರು ಸೋತಂತೆ. ಸೋತವನು ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರಿಗೆಲ್ಲ ಮಿರ್ಚಿ, ಗಿರ್ಮಿಟ್ ತಿನ್ನಿಸಬೇಕು. ಕಟ್ಟೆಯವರಿಗೆ ಯಾರು ಗೆದ್ದರೂ ಲಾಭವೇ.

ನನ್ನ ನಂಬರು ಅವನಿಗೆ ಬಾಯಿಪಾಠವಾದ್ದರಿಂದ ನಾನು ಯಾವತ್ತೂ ಬೇರೆಯವರ ಫೋನಿನಿಂದಲೇ ಮಾಡುತ್ತಿದ್ದೆ. ಕಂಡಕ್ಟರನ ಫೋನು, ಕಿರಾಣಿ ಅಂಗಡಿಯ ಫೋನು, ಒಮ್ಮೆ ಅಳಿಯನ ಫೋನು. ಹೀಗಾಗಿ ಗುರುತಿಲ್ಲದ ನಂಬರು ಬಂದರೆ ಬೇರೆಯವರು ಹೆದರುತ್ತಾರೆ, ನಮ್ಮ ಮಾಸ್ತರ ಹಿಗ್ಗುತ್ತಿದ್ದ.

ಕಳೆದ ವರ್ಷ ಅವನ ಹೆಂಡತಿಯ ಎರಡೂ ಮೊಣಕಾಲು ಸವೆದುಹೋಗಿದ್ದವು. ನಾನು ಅವರನ್ನು ಭಾಭಿ ಅನ್ನುತ್ತೇನೆ. ಬಚ್ಚಲಿಗೆ ಹೋಗಬೇಕೆಂದರೂ ಗೋಡೆ ಹಿಡಿದು ಹೋಗಬೇಕು. ಹುಬ್ಬಳ್ಳಿಯ ಡಾಕ್ಟರು ಎರಡೂ ಕಾಲನ್ನು ಒಂದೇ ಸಲಕ್ಕೆ ಆಪರೇಷನ್ ಮಾಡೋಣ ಎಂದು ಸೋಮವಾರದ ದಿನ ಕೊಟ್ಟಿದ್ದರು. ಮಾಸ್ತರ ಪೆನ್ಷನ್ನಿನಲ್ಲಿ ಉಳಿಸಿದ್ದಕ್ಕೆ ಮಸೀದಿ ಬಾಜುವಿನ ಜಾಗ ಮಾರಿದ್ದನ್ನೂ ಸೇರಿಸಿ ಬ್ಯಾಂಕಿನಲ್ಲಿ ಇಟ್ಟಿದ್ದ. ಆ ದುಡ್ಡು ಎಂದರೆ ಭಾಭಿಯ ಎರಡು ಕಾಲು, ಅಷ್ಟೇ. ಬೇರೆ ಆಸರೆ ಇರಲಿಲ್ಲ.

ಅದಕ್ಕೂ ಹಿಂದಿನ ಬುಧವಾರ ನಾನು ಕಟ್ಟೆಯ ಮೇಲೆ ಎಲ್ಲರೆದುರು ಎದೆ ತಟ್ಟಿ ಹೇಳಿದೆ.

“ಮಾಸ್ತರ, ದವಾಖಾನಿಗೆ ಹೋಗೂಕಿಂತ ಮೊದ್ಲ ನಿನ್ನ ಒಂದ್ ಸಲ ಕುಣಸ್ತೀನಿ ನೋಡು. ಬರ್ದಿಟ್ಕೋ.”

“ಕುಣಸಾಂವ ಬಂದ! ಹೋದ ಸಲ ಇನ್ಶೂರೆನ್ಸ್ ಸಾಹೇಬಾಗಿ ಬಂದು ಎರಡ ಮಿನಿಟಿನ್ಯಾಗ ಕಿಸಕ್ಕಂದಿದ್ದು ಯಾರಲೇ?”

“ಈ ಸಲ ನಗಂಗಿಲ್ಲ.”

“ನೀ ನಗದಿದ್ರ ನಾನೂ ನಗಂಗಿಲ್ಲ. ಒಂದ್ ತಾಸ ಆದ್ರೂ ಕುಂದ್ರತೀನಿ. ಹಚ್ಚು ಫೋನ್.”

ಆ ಮಾತನ್ನು ಆಡದಿದ್ದರೆ! ಈಗಲೂ ಊಟಕ್ಕೆ ಕೂತಾಗ ನೆನಪಾಗುತ್ತದೆ.

ಶುಕ್ರವಾರ ನಾನು ಅಣ್ಣಿಗೇರಿಗೆ ಹೋಗಿದ್ದೆ. ಆಪರೇಷನ್ ಆಗುವವರೆಗೆ ಕಟ್ಟಿಕೊಳ್ಳಲು ಮೊಣಕಾಲಿನ ಪಟ್ಟಿ ತಂದುಕೊಡಿ ಎಂದು ಭಾಭಿ ಹೇಳಿದ್ದರು. ಔಷಧ ಅಂಗಡಿಯವನು ಎರಡು ಅಳತೆಯ ಪಟ್ಟಿಗಳನ್ನು ಮುಂದಿಟ್ಟ. ಯಾವುದು ಬೇಕೆಂದು ಕೇಳಲು ನನ್ನ ಫೋನಿನಿಂದಲೇ ಭಾಭಿಯ ಫೋನಿಗೆ ಹಚ್ಚಿದೆ. ಮಧ್ಯಾಹ್ನ ಹನ್ನೆರಡು ಹೊಡೆದಿರಬೇಕು.

“ಭಾಭಿ, ಪಟ್ಟಿ ದೊಡ್ಡದ ತರ್ಲೋ ಸಣ್ಣದ ತರ್ಲೋ?”

ಅವರು ನಗತೊಡಗಿದರು. “ಅಯ್ಯ ಭಾಯಿ, ಎಷ್ಟ ಫೋನ್ ಇಟ್ಕೊಂಡೀರಿ? ಆ ಕಿವಿಗೊಂದು, ಈ ಕಿವಿಗೊಂದೇನು?”

“ಅಂದ್ರ?”

“ಅಂದ್ರ ಅಂತಾರ ನೋಡ್ರಿ! ಅರ್ಧಾ ತಾಸ ಆತು, ಬ್ಯಾಂಕಿನ ಸಾಹೇಬಾಗಿ ಇವರ ಜೀವಾ ತಿನ್ನಾಕತ್ತೀರಿ. ಇವರೇನ ಕಡಿಮಿ ಅದಾರೇನು? ನಗಬಾರ್ದಂತ ತುಟಿ ಕಚ್ಚಿ ಕುಂತಾರ. ಕಾರ್ಡಿನ ನಂಬರ್ ಕೇಳಿದ್ರಿ, ಕೊಟ್ರು. ಮೆಸೇಜಿಗೆ ಬಂದ ನಂಬರ್ ಕೇಳಿದ್ರಿ, ಅದನ್ನೂ ಕೊಟ್ರು. ಈಗ ಮತ್ತೊಂದು ಬಂದೈತಂತ, ಓದಾಕ ಚಾಳೀಸ ಹುಡುಕಾಕತ್ತಾರ.”

ಪಟ್ಟಿಯನ್ನು ಬದಿಗಿಟ್ಟು ಫೋನನ್ನು ಬಾಯಿಯ ಹತ್ತಿರ ತಂದೆ.

“ಭಾಭಿ, ಅದು ನಾನಲ್ಲ.”

“ಹೂಂ, ಅದು ನೀವಲ್ಲ. ಇದೂ ನೀವಲ್ಲ.”

“ಖರೇನ ಹೇಳ್ತೀನಿ. ಆ ಫೋನ್ ಕಸ್ಗೋರಿ. ಕಳ್ಳ ಅದಾನ ಅವ, ಕಳ್ಳ!”

“ಇದು ಚಲೋ ಐತಿ. ಕಳ್ಳನೂ ನೀವ, ಪೋಲೀಸನೂ ನೀವ.”

ನಾನು ಅಂಗಡಿಯವನ ಕೈಗೆ ಫೋನು ತುರುಕಿದೆ. ಪಾಪ, ಅವನೂ ಹೇಳಿದ: “ಅಮ್ಮಾರ, ಇವರು ನಮ್ಮ ಅಂಗಡ್ಯಾಗ ನಿಂತಾರ್ರಿ. ಸುಳ್ಳಲ್ರಿ, ಆಣಿ ಮಾಡ್ತೀನ್ರಿ.”

ಫೋನು ಮರಳಿ ಕಿವಿಗಿಟ್ಟುಕೊಂಡರೆ ಆ ಕಡೆಯಿಂದ ಭಾಭಿ ಮೆಚ್ಚಿಕೊಂಡರು. “ಈ ದನಿ ಹೊಸಾದೈತಿ ಭಾಯಿ. ಅಗದಿ ಮಸ್ತ್ ಬಂದೈತಿ.”

ಊರಿಗೆ ಊರನ್ನೇ ಸುಳ್ಳು ನಂಬಿಸಿದ ಬಾಯಿ ಇದು. ಒಬ್ಬ ಹೆಣ್ಣುಮಗಳಿಗೆ ಒಂದು ನಿಜ ಹೇಳಲಿಕ್ಕೆ ಅದಕ್ಕೆ ಬರಲಿಲ್ಲ. ಚೀರಿದರೆ ನಾಟಕ, ಅತ್ತರೆ ನಾಟಕ, ಆಣೆ ಮಾಡಿದರೆ ಇನ್ನೂ ದೊಡ್ಡ ನಾಟಕ. ಮಾಸ್ತರನಂತೂ ಆಟದ ಕಾನೂನು ಬಿಡುವವನಲ್ಲ. ಫೋನಿನಲ್ಲಿದ್ದ ‘ನಾನು’ ನಗುವವರೆಗೆ ಅವನು ಎಲ್ಲವನ್ನೂ ಕೊಡುತ್ತಲೇ ಇರುತ್ತಾನೆ. ಆದರೆ ಆ ಕಳ್ಳ ನಗುವುದಿಲ್ಲ. ಅವನು ಎಂದೆಂದಿಗೂ ನಗುವುದಿಲ್ಲ.

ಹಾಗಾದರೆ ನಾನೇ ನಗಬೇಕು.

“ಭಾಭಿ, ಫೋನ್ ಸ್ಪೀಕರಿಗೆ ಹಾಕ್ರಿ” ಅಂದೆ. ಔಷಧದ ಕಪಾಟಿಗೆ ಕೈಯೂರಿ ನಕ್ಕೆ. ನಗು ಎಲ್ಲಿಂದ ಬರಬೇಕು? ಮೊದಲು ಕೆಮ್ಮಿನ ಹಾಗೆ ಬಂತು. ಆಮೇಲೆ ನನ್ನ ಎಂದಿನ ನಗು, ಕಟ್ಟೆಯ ನಾಯಿಗಳೂ ಎದ್ದು ಓಡುವಂಥದ್ದು, ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಗುಳಿಗೆ ಕೊಳ್ಳಲು ಬಂದಿದ್ದ ಮುದುಕಿಯೊಬ್ಬಳು ಹೆದರಿ ಹೊರಗೆ ಹೋದಳು.

“ನಕ್ಕ! ನಕ್ಕ! ಸೋತ ಮಗ!” ಎಂದು ಮಾಸ್ತರ ಕೂಗಿದ್ದು ಕೇಳಿತು. ತನ್ನ ಫೋನನ್ನು ಮಂಚದ ಮೇಲೆ ಎಸೆದು ಭಾಭಿಯ ಫೋನಿಗೆ ಬಂದ. “ಅರ್ಧಾ ತಾಸ ಹಿಡದಿದ್ದೆಲೇ! ಶಾಬಾಸ್! ಮಿರ್ಚಿ ಯಾವಾಗ?”

“ಸೋತೆ. ನಾ ಸೋತೆ. ಆಟ ಮುಗೀತು. ಈಗ ಆ ಫೋನ್ ಕಟ್ ಮಾಡು.”

“ಯಾಕ? ನೀನ ಕಟ್ ಮಾಡು.”

“ನಾ ಅಲ್ಲಿ ಇಲ್ಲ ಮಾರಾಯಾ.”

ಮಂಚದ ಮೇಲಿನ ಫೋನು ಇನ್ನೂ ಮಾತಾಡುತ್ತಿತ್ತು. ನನಗೂ ಕೇಳಿಸಿತು. “ಹಲೋ ಸರ್, ನಂಬರ್ ಹೇಳಿ ಸರ್. ಟೈಮ್ ಆಗ್ತಾ ಇದೆ ಸರ್.”

“ಲೇ,” ಅಂದ ಮಾಸ್ತರ, ಬಹಳ ಸಣ್ಣ ದನಿಯಲ್ಲಿ. “ನೀ ಇಲ್ಲಿದ್ರ, ಅಲ್ಲಿ ಯಾರದಾರ?”

ನನ್ನ ಜಂಬ ನೋಡಿ. ಅಂಥ ಹೊತ್ತಿನಲ್ಲೂ ಒಂದು ಕ್ಷಣ ಸಿಟ್ಟು ಬಂದದ್ದು ಮಾಸ್ತರನ ಮೇಲೆ: ಇಷ್ಟು ಬಡಕಲು ದನಿಯನ್ನು ನನ್ನದೆಂದು ಹೇಗೆ ತಿಳಿದ? ದೊಡ್ಡ ಅಧಿಕಾರಿ ನಡುನಡುವೆ ಬೇರೆ ಯಾರನ್ನೋ ಗದರಿಸುವುದಿಲ್ಲವೇ? ಪೇಪರು ಮಗುಚುವ ಸಪ್ಪಳವಿಲ್ಲ, ಏನಿಲ್ಲ. ಆದರೆ ಆಮೇಲೆ ಮಾಸ್ತರ ಆ ಅರ್ಧ ತಾಸಿನಲ್ಲಿ ಏನೇನು ನಡೆಯಿತೆಂದು ಬಿಡಿಸಿ ಹೇಳಿದಾಗ ಸಿಟ್ಟು ಇಳಿಯಿತು. ಮೊದಲು ಆ ಕಳ್ಳ ಮಾಸ್ತರನ ಹೆಸರು, ಬ್ಯಾಂಕಿನ ಊರು ಸರಿಯಾಗಿ ಹೇಳಿದನಂತೆ. ಒಂದು ನಿಜ ಮುಂದಿಟ್ಟರೆ ಹಿಂದಿನ ಸುಳ್ಳುಗಳೆಲ್ಲ ತಾವಾಗಿ ಒಳಗೆ ಬರುತ್ತವೆ; ನಾನೂ ಹಾಗೇ ಮಾಡುತ್ತಿದ್ದೆ. ಇವತ್ತು ಸಂಜೆಯೊಳಗೆ ಖಾತೆ ಬಂದ್ ಆಗುತ್ತದೆ ಎಂದನಂತೆ. ಯೋಚಿಸಲು ಹೊತ್ತು ಕೊಡಬಾರದು, ನಾನೂ ಕೊಡುತ್ತಿರಲಿಲ್ಲ. ಫೋನು ಇಡಬೇಡಿ, ಬೇರೆ ಯಾರಿಗೂ ಹೇಳಬೇಡಿ ಎಂದನಂತೆ. ಅದನ್ನಂತೂ ನಾನು ಪ್ರತಿ ಸಲ ಹೇಳುತ್ತಿದ್ದೆ. ಇಡೀ ಪಾಠ ನನ್ನದೇ. ಇಷ್ಟು ವರ್ಷ ಮಾಸ್ತರನಿಗೆ ಅದನ್ನು ರೂಢಿ ಮಾಡಿಸಿ, ಯಾರೋ ಕಣ್ಣಿಗೆ ಕಾಣದವನ ಕೈಗೆ ಕೊಟ್ಟುಬಿಟ್ಟಿದ್ದೆ. ವ್ಯತ್ಯಾಸ ಒಂದೇ, ನಾನು ಕೊನೆಗೆ ನಗುತ್ತಿದ್ದೆ.

ಮಾಸ್ತರ ಕೂಡಲೇ ಸೈಬರ್ ದೂರಿನ ಸಹಾಯವಾಣಿಗೆ ಫೋನು ಮಾಡಿದ. ನಾನು ಅಣ್ಣಿಗೇರಿಯಲ್ಲೇ ಬ್ಯಾಂಕಿಗೆ ಓಡಿ, ಕೌಂಟರಿನ ಹುಡುಗಿಯ ಎದುರು ಮೇಲುಸಿರು ಬಿಡುತ್ತ ನಿಂತೆ. ನನ್ನ ಮಾತಿನ ಮೇಲೆ ಖಾತೆ ನಿಲ್ಲಿಸಲು ಬರುವುದಿಲ್ಲ ಎಂದಳು. ಮಾಸ್ತರನಿಂದಲೇ ಫೋನು ಮಾಡಿಸಿ ನಿಲ್ಲಿಸಿದಳು. ಎರಡನೆಯ ಸಲ ಹೋಗಬೇಕಾಗಿದ್ದ ದುಡ್ಡು ಉಳಿಯಿತು. ಮೊದಲಿನದು ಆಗಲೇ ಹೋಗಿಯಾಗಿತ್ತು. ಹತ್ತು ಕಡೆ ಹಂಚಿಹೋಗಿದೆ, ಬಂದರೆ ಬಂತು ಎಂದರು ಬ್ಯಾಂಕಿನವರು. ಇವತ್ತಿನವರೆಗೆ ಬಂದಿಲ್ಲ.

ದೂರು ಬರೆಸಲು ನಾವಿಬ್ಬರೂ ಪೊಲೀಸ್ ಠಾಣೆಗೆ ಹೋದೆವು. ಬರೆದುಕೊಳ್ಳುತ್ತಿದ್ದವನು ತಲೆಯೆತ್ತಿ ಕೇಳಿದ: “ಮಾಸ್ತರ ಅಂತೀರಿ, ಓದಿದವ್ರ ಅದೀರಿ. ನಂಬರ್ ಯಾರಿಗೂ ಕೊಡಬ್ಯಾಡ್ರಿ ಅಂತ ಮೆಸೇಜಿನ್ಯಾಗ ಬರದಿರ್ತದಲ್ರಿ. ಹ್ಯಾಂಗ ಕೊಟ್ರಿ?”

ನಾನು ಬಾಗಿಲ ಕಡೆ ನೋಡುತ್ತಿದ್ದೆ. ಮಾಸ್ತರ ಒಂದು ಸಲ ನನ್ನ ಕಡೆ ತಿರುಗಿದ, ಮತ್ತೆ ಟೇಬಲ್ಲಿನ ಕಡೆ ನೋಡಿದ.

“ಬುದ್ಧಿ ಇರ್ಲಿಲ್ರಿ,” ಅಂದ.

ಅಷ್ಟೇ. ಆಟದ ವಿಷಯ ಎತ್ತಲಿಲ್ಲ, ನನ್ನ ವಿಷಯ ಎತ್ತಲಿಲ್ಲ. ಬಸ್ಸಿನಲ್ಲಿ ಬರುವಾಗಲೂ ಎತ್ತಲಿಲ್ಲ. ಕಿಟಕಿಯಾಚೆ ಕಡಲೆ ಬೆಳೆ ಚೆನ್ನಾಗಿದೆ ಎಂದು ಮಾತ್ರ ಹೇಳಿದ. ಬೈದಿದ್ದರೆ ಬೈಗುಳಕ್ಕೆ ಎದುರು ಬೈಗುಳ ನನ್ನ ಹತ್ತಿರ ಬೇಕಾದಷ್ಟಿತ್ತು. ಕಡಲೆ ಬೆಳೆಗೆ ಏನು ಉತ್ತರ ಕೊಡಲಿ?

ಸೋಮವಾರದ ಆಪರೇಷನ್ ತಪ್ಪಿತು. ನಾನು ಕೊಡುತ್ತೇನೆ ಎಂದೆ. “ನಿನ್ನ ಹತ್ರ ಏನ ಐತಲೇ ಕೊಡಾಕ, ದನಿ ಬಿಟ್ರ?” ಎಂದು ತಮಾಷೆ ಮಾಡಿ ಬೇಡವೆಂದ. ತಿಂಗಳಾದ ಮೇಲೆ, ಉಳಿದದ್ದರಲ್ಲಿ ಭಾಭಿಯ ಬಲಗಾಲು ಒಂದೇ ಆಯಿತು. ಎಡಗಾಲು ಹಾಗೇ ಉಳಿದಿದೆ. ಈಗ ಅವರು ಕೋಲು ಹಿಡಿದು ನಡೆಯುವಾಗ ಒಂದು ಕಾಲು ನೆಟ್ಟಗೆ ಬರುತ್ತದೆ, ಇನ್ನೊಂದು ಅಡ್ಡ ಬರುತ್ತದೆ. ಓಣಿಯ ಈ ತುದಿಯಲ್ಲಿ ಕೂತರೆ ಕೋಲಿನ ಸಪ್ಪಳ ಕೇಳುತ್ತದೆ. ನಾನು ಒಳಗೆ ಎದ್ದು ಹೋಗುತ್ತೇನೆ.

ಸುದ್ದಿ ಹಬ್ಬಿದ ಮೇಲೆ ಕಟ್ಟೆಯವರು ಮಾಸ್ತರನನ್ನು ಬಿಡಲಿಲ್ಲ. “ಏನ್ರೀ ಮಾಸ್ತರ, ಹುಡುಗ್ರಿಗೆ ಬುದ್ಧಿ ಹೇಳಿ ಹೇಳಿ ನಿಮ್ಮ ಪಾಲಿಂದು ಖಾಲಿ ಆತೇನ್ರೀ?” ಎಂದೊಬ್ಬ. “ಕಳ್ಳ ಕೇಳಿದ್ನಂತ, ಇವರು ಕನ್ನಡಕಾ ಹಾಕ್ಕೊಂಡ್ ಓದಿ ಹೇಳಿದ್ರಂತ!” ಎಂದು ಇನ್ನೊಬ್ಬ. ಮಾಸ್ತರ ಚಹಾದ ಕಪ್ಪಿನೊಳಗೆ ನೋಡುತ್ತ ಕೂತಿದ್ದ. ಆಗ ನಾನು ಎದ್ದು ನಿಂತೆ. “ಅವಂಗ ಯಾಕ ಅಂತೀರಿ? ತಪ್ಪು ನಂದು. ನನ್ನ ಆಟಾ ಅಂತ ತಿಳದು ಕೊಟ್ಟಾನ. ಅನ್ನೂದಿದ್ರ ನನಗ ಅನ್ರಿ” ಎಂದು ಎಲ್ಲರೂ ಕೇಳುವಂತೆ ಹೇಳಿದೆ.

ಈಗ ಆ ಮನೆಗೆ ಬೇರೆ ಕಾನೂನು ಬಂದಿದೆ. ನಾನು ನನ್ನ ನಂಬರಿನಿಂದ, ನನ್ನ ದನಿಯಲ್ಲೇ ಫೋನು ಮಾಡಿದರೂ ಭಾಭಿ ಮಾತಾಡುವುದಿಲ್ಲ. “ಇಡ್ರಿ ಭಾಯಿ, ನಾ ಹೊಳ್ಳಿ ಹಚ್ತೀನಿ” ಅನ್ನುತ್ತಾರೆ. ಇಟ್ಟು, ಚೀಟಿಯಲ್ಲಿ ಬರೆದಿಟ್ಟ ನನ್ನ ನಂಬರನ್ನು ಒತ್ತಿ, ಅವರೇ ಮಾಡುತ್ತಾರೆ. ಬ್ಯಾಂಕಿನವರು ಅಂದರೂ ಅಷ್ಟೇ, ಪೊಲೀಸರು ಅಂದರೂ ಅಷ್ಟೇ, ಸ್ವಂತ ತಮ್ಮ ಅಂದರೂ ಅಷ್ಟೇ. ನೀವೂ ಹಾಗೇ ಮಾಡಿ. ಸಿಟ್ಟಾಗುವವರು ಆಗಲಿ, ನಿಜವಾದವರು ಎರಡು ನಿಮಿಷ ಕಾಯುತ್ತಾರೆ. ನಾನು ಕಾಯುತ್ತೇನೆ, ಫೋನನ್ನು ಅಂಗೈಯಲ್ಲಿ ಇಟ್ಟುಕೊಂಡು. ಮಾಸ್ತರನ ನಂಬರಿಗೆ ಮಾತ್ರ ಅಂದಿನಿಂದ ಯಾವ ದನಿಯಲ್ಲೂ ಮಾಡಿಲ್ಲ. ಅವನು ‘ಹೌದ್ರೀ ಸಾಹೇಬ್ರ’ ಅಂದುಬಿಟ್ಟರೆ ಎಂಬ ಭಯ.

ಇನ್ನು ನಾನು ಕಟ್ಟಿದ್ದು ಯಾವುದೆಂದು ಹೇಳಬೇಕು. ಔಷಧ ಅಂಗಡಿಯ ನಗು ಅಂದುಕೊಂಡಿರಿ, ಅಲ್ಲವೇ? ಅದು ನಿಜ, ಅಂಗಡಿಯವನನ್ನು ಕೇಳಿ. ಹಾರ ಹಾಕಿಸಿಕೊಂಡದ್ದೂ ನಿಜ. ಸುಳ್ಳು ಎಂದರೆ, ಕಟ್ಟೆಯ ಮೇಲೆ ನಾನು ಎದ್ದು ನಿಂತದ್ದು. ನಾನು ಏಳಲಿಲ್ಲ. ಅವರು ನಕ್ಕರು, ಮಾಸ್ತರ ಚಹಾ ಮುಗಿಸಿ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟ. ನಾನು ಅವರ ನಡುವೆಯೇ ಕೂತು ಮಿರ್ಚಿ ತಿನ್ನುತ್ತಿದ್ದೆ.