ರಬ್ಬರ್ ಕೊಳವೆಯಲ್ಲಿ ಕೇಳಿದ ಉಸಿರು

ನನ್ನ ಸೋದರಮಾವನ ಕಾರಿನಲ್ಲಿ ಎರಡು ಕಾರ್ಬುರೇಟರ್ ಇದ್ದವು ಎಂದು ಬಹಳ ವರ್ಷಗಳಿಂದ ಹೇಳಿಕೊಂಡು ಬಂದಿದ್ದೇನೆ. ನಿಜವಾಗಿ ಇದ್ದವೋ ಇಲ್ಲವೋ, ಈಗ ಆಣೆ ಮಾಡಿ ಹೇಳಲಾರೆ.

ನೆನಪು ಇಷ್ಟು. ಹಿರಿಯೂರು ಇನ್ನೂ ಸ್ವಲ್ಪ ದೂರವಿತ್ತು. ಹುಣಸೆಮರದ ಕೆಳಗೆ ಕಾರು ನಿಲ್ಲಿಸಿ, ಎಂಜಿನ್ ಓಡುತ್ತಿರುವಾಗಲೇ ಮಾವ ಬಾನೆಟ್ ಎತ್ತಿದರು. ಮೊಳದುದ್ದದ ರಬ್ಬರ್ ಕೊಳವೆಯ ಒಂದು ತುದಿಯನ್ನು ನನ್ನ ಕಿವಿಗೆ ಕೊಟ್ಟು, ಇನ್ನೊಂದು ತುದಿಯನ್ನು ಮೊದಲು ಒಂದು ಕಾರ್ಬುರೇಟರಿನ ಬಾಯಿಗೆ, ಆಮೇಲೆ ಮತ್ತೊಂದರ ಬಾಯಿಗೆ ಹಿಡಿದರು. ಪೆಟ್ರೋಲಿನೊಂದಿಗೆ ಬೆರೆಯಲು ಗಾಳಿ ಸುಯ್ಯೆಂದು ಒಳಗೆ ಹೋಗುತ್ತಿತ್ತು.

"ಎರಡೂ ಸಮ ಐತೇನಲೇ?"

"ಈ ಕಡೇದು ಜೋರೈತೆ ಮಾವ."

ಸ್ಕ್ರೂ ಒಂದಿಷ್ಟು ತಿರುಗಿಸಿದರು. ಸಮವೇ ಎಂದು ಮತ್ತೆ ನನ್ನನ್ನು ಕೇಳಿದರು. ನಾನು ಸಮ ಎನ್ನುವವರೆಗೆ ಬಿಡಲಿಲ್ಲ.

ಆಗ ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದುತ್ತಿದ್ದೆ, ರಜೆಗೆ ಬಂದಿದ್ದೆ. ಈ ನೆನಪನ್ನು ಅನುಮಾನಿಸಲು ಒಳ್ಳೆಯ ಕಾರಣವೇ ಇದೆ. ಮಾವ ಆ ಕಾರನ್ನು ಯಾರಿಗೂ ಮುಟ್ಟಗೊಟ್ಟವರಲ್ಲ. ಬೇರೆಯವರು ಗಾಜು ಒರೆಸಿದರೆ ಅದನ್ನೇ ಮತ್ತೊಮ್ಮೆ ತಾವು ಒರೆಸುವರು. ಅಂಥವರು ಎಂಜಿನ್ನಿನ ಹದವನ್ನು ನನ್ನ ಕಿವಿಗೆ ಒಪ್ಪಿಸಿದ್ದರೇ? ನಮ್ಮಿಬ್ಬರ ನಡುವೆ ಸಲಿಗೆ ಎನ್ನುವಂಥದ್ದು ಇದ್ದದ್ದು ಆ ಒಂದು ಗಳಿಗೆಯಲ್ಲಿ ಮಾತ್ರ. ಅದೂ ನಾನೇ ಹೆಣೆದುಕೊಂಡದ್ದಾದರೆ ಅವರಿಂದ ನನಗೆ ಉಳಿದದ್ದು ಏನೂ ಇಲ್ಲ.

ಮಾವ ಕಲ್ಲುಕ್ವಾರಿಯೊಂದರಲ್ಲಿ ಮೇಲ್ವಿಚಾರಕರಾಗಿದ್ದರು. ಎರಡೇ ಸೀಟಿನ, ಬಟ್ಟೆಯ ಮಾಡಿನ ಆ ವಿದೇಶಿ ಸ್ಪೋರ್ಟ್ಸ್ ಕಾರು ಅವರ ಕೈಗೆ ಬಂದಾಗಲೇ ಇಬ್ಬರ ಕೈ ದಾಟಿತ್ತು. ಅವರು ತೀರಿಕೊಂಡ ಮೇಲೆ ಹೊಳಲ್ಕೆರೆಯ ಅವರ ಮನೆಯ ಶೆಡ್ಡಿನಲ್ಲೇ ನಿಂತಿತ್ತು. ಹೋದ ವರ್ಷ ಅತ್ತೆ ಅದನ್ನು ನನಗೆ ಕೊಟ್ಟರು. ಲಾರಿಗೆ ಏರಿಸಿ ಚಿತ್ರದುರ್ಗದ ಗ್ಯಾರೇಜಿಗೆ ತಂದೆ.

ಮೆಕ್ಯಾನಿಕ್ ಬಾನೆಟ್ ಎತ್ತಿದ. ಒಳಗಿದ್ದದ್ದು ಒಂದೇ ಕಾರ್ಬುರೇಟರ್.

"ಇದು ಜೀಪಿಂದು ಸಾರ್. ಮದುವೆ ಹೆಣ್ಣಿಗೆ ಗಂಡಸಿನ ಬೂಟು ಹಾಕ್ದಂಗೈತೆ ನೋಡ್ರಿ."

ಅಳತೆ ಕೂಡದ್ದಕ್ಕೆ ಯಾರೋ ನಡುವೆ ದಪ್ಪ ತಗಡು ಕತ್ತರಿಸಿ ಕೂರಿಸಿದ್ದರು. ಸಾಮಾನು ಸಿಗದ ಕಾಲದಲ್ಲಿ ನಮ್ಮ ಕಡೆ ಎಲ್ಲರೂ ಹೀಗೇ ಮಾಡಿದ್ದು.

"ಎರಡು ಇದ್ದ ನೆನಪು ನನಗೆ," ಅಂದೆ.

"ಎರಡು ಬೇಕಂದ್ರೆ ಇಂಟೇಕ್ ಮ್ಯಾನಿಫೋಲ್ಡೂ ಬದಲಾಗ್ಬೇಕು," ಎಂದು, ಪೆಟ್ರೋಲು ಬೆರೆತ ಗಾಳಿಯನ್ನು ಸಿಲಿಂಡರುಗಳಿಗೆ ಹಂಚುವ ಕವಲುಕೊಳವೆಯ ಮೇಲೆ ಸ್ಪ್ಯಾನರಿನಿಂದ ತಟ್ಟಿದ. "ಇದಕ್ಕೆ ಇರೋದು ಒಂದೇ ಬಾಯಿ. ನನ್ನ ಕೇಳಿದ್ರೆ ಒಳ್ಳೇದೊಂದು ಹಾಕ್ಸಿ ಸುಮ್ಕಾಗ್ರಿ. ಎರಡಾದ್ರೆ ಸವತೀರ ಸಂಸಾರ, ಆಗಾಗ ಜಗಳ ಬಿಡಿಸ್ತಿರ್ಬೇಕು."

ಈ ಕಾರು ಕಾರ್ಖಾನೆಯಿಂದ ಎರಡರ ಜೊತೆಗೇ ಬರುತ್ತಿತ್ತು ಎಂದು ಅವನಿಗೂ ಗೊತ್ತಿತ್ತು, ನನಗೂ. ನನಗೆ ಬೇಕಾದದ್ದು ಮಾವನ ಕಾಲದಲ್ಲಿ ಏನಿತ್ತು ಎನ್ನುವುದು. ಹಾಗೆಂದು ಅವನಿಗೆ ಹೇಳಿದೆ.

"ಹಂಗಾರೆ ಮಾವನ್ನೇ ಕೇಳ್ರಿ."

"ಅವರಿಲ್ಲ."

"ತಪ್ಪಾತು ಸಾರ್," ಎಂದು ನಾಲಗೆ ಕಚ್ಚಿಕೊಂಡ.

ಪ್ರತಿ ಆಯುಧ ಪೂಜೆಗೆ ಮಾವ ಎಂಜಿನ್ನಿಗೂ ಬೆಳ್ಳಿ ಬಣ್ಣ ಹೊಡೆಯುತ್ತಿದ್ದರು. ಎಂಜಿನ್ನಿನ ಮೈಯನ್ನು ಕೆರೆದು ನೋಡಿದೆವು. ಬಣ್ಣ ಮರದ ತೊಗಟೆಯಂತೆ ಪದರು ಪದರಾಗಿ ಎದ್ದಿತು. ಮ್ಯಾನಿಫೋಲ್ಡಿನ ಮೇಲೆ ಮಾತ್ರ ತೆಳ್ಳಗೆ, ಒಂದೆರಡು ಪದರು. ಅಂದರೆ ಅದನ್ನು ಅವರ ಕಾಲದಲ್ಲೇ, ತಡವಾಗಿ ಬದಲಿಸಿದ್ದಾರೆ. ಮೊದಲು ಎರಡು ಇದ್ದವು ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಹೊಳಲ್ಕೆರೆಗೆ ಹೋಗಿ ಅತ್ತೆಯನ್ನು ಕೇಳಿದೆ. ಹಬ್ಬದ ದಿನ ಎಂಜಿನ್ನಿಗೆ ಕುಂಕುಮ ಇಡುತ್ತಿದ್ದದ್ದು ಅವರೇ. ಎಷ್ಟು ಕಾರ್ಬುರೇಟರ್ ಎಂದು ಕೇಳಲಿಲ್ಲ, ಕುಂಕುಮ ಎಲ್ಲೆಲ್ಲಿ ಇಡುತ್ತಿದ್ದಿರಿ ಎಂದೆ.

"ಏನಪ್ಪ ಇದು, ಪೊಲೀಸರ ಥರ ಕೇಳ್ತೀಯ," ಎಂದು ನಕ್ಕರು. ಆಮೇಲೆ ಗಾಳಿಯಲ್ಲೇ ಉಂಗುರದ ಬೆರಳು ಊರಿದರು. ಗೇಣು ಬಿಟ್ಟು ಮತ್ತೆ ಊರಿದರು. "ಇಲ್ಲೊಂದು, ಇಲ್ಲೊಂದು. ತಂಬಿಗೆ ಬೋರಲು ಹಾಕ್ದಂಗೆ ಎರಡಿದ್ವು. ಅವಳಿ ಮಕ್ಕಳಿಗೆ ದೃಷ್ಟಿ ಆಗದಿರ್ಲಿ ಅಂತಿದ್ದೆ. ಅವರಿಗೆ ನಗು ಬರ್ತಿರ್ಲಿಲ್ಲ."

ಅಂದು ಸಂಜೆಯೇ ಎರಡಕ್ಕೆ ಮನಸ್ಸು ಮಾಡಿದೆ. ಇನ್ನೂ ದೊಡ್ಡ ಬಾಯಿಯ ಜೋಡಿಯೂ ಸಿಗುತ್ತಿತ್ತು. ವೇಗದ ಹುಚ್ಚಿನವರು ಅದನ್ನೇ ಹಾಕಿಸುತ್ತಾರೆ. ನಾನು ಕಾರ್ಖಾನೆಯ ಅಳತೆಯದ್ದನ್ನೇ ತರಿಸಿದೆ. ಮ್ಯಾನಿಫೋಲ್ಡ್ ಮಾತ್ರ ಹೊಸದು ಸಿಗಲಿಲ್ಲ. ಬಿಚ್ಚಿಟ್ಟ ಕಾರೊಂದರದ್ದು ಬಂತು. ಮೆಕ್ಯಾನಿಕ್ ಅದನ್ನು ಗಾಜಿನ ಮೇಲೆ ಬೋರಲಿಟ್ಟು, ಅಂಚು ಎಲ್ಲಿಯೂ ಸೊಟ್ಟಗಾಗಿಲ್ಲವೆಂದು ನೋಡಿ, ಸಂದಿನಲ್ಲಿ ಗಾಳಿ ಸೋರದಂತೆ ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದ. ಎರಡೂ ಕಾರ್ಬುರೇಟರುಗಳನ್ನು ಒಟ್ಟಿಗೆ ತೆರೆಯುವ ಸರಳು ಅಲ್ಲಾಡುತ್ತಿತ್ತು, ಅದನ್ನು ಹಿಂದಿರುಗಿಸಿ ಬೇರೆ ತರಿಸಿದೆವು.

ಎಂಜಿನ್ ಓಡಿದ ದಿನ ಅತ್ತೆಯೂ ಗ್ಯಾರೇಜಿಗೆ ಬಂದರು. ಮೆಕ್ಯಾನಿಕ್ ಗಾಳಿ ಅಳೆಯುವ ಮುಳ್ಳಿನ ಮೀಟರು ತೆಗೆದ. ನಾನು ರಬ್ಬರ್ ಕೊಳವೆ ತೆಗೆದೆ. ಕಿವಿಗಿಟ್ಟೆ. ಅದೇ ಸುಯ್, ಅಥವಾ ಅದೇ ಎಂದು ನಾನು ಅಂದುಕೊಂಡದ್ದು. ಪಕ್ಕದಲ್ಲಿ ಯಾರಾದರೂ "ಸಮ ಐತೇನಲೇ" ಎಂದು ಕೇಳಲಿ ಎಂದು ಕಾದೆ. ಯಾಕೆ ಕಾದೆನೋ. ಆಮೇಲೆ ಅತ್ತೆಗೆ ಹುಣಸೆಮರದ ಕತೆಯನ್ನೆಲ್ಲ ಹೇಳಿದೆ.

"ನಿನ್ನ ಕೇಳ್ದೆ ಇನ್ನೇನು ಮಾಡ್ಯಾರು," ಅಂದರು ಅತ್ತೆ. "ಬಂಡೆ ಸಿಡಿಸೋ ಕಡೆ ಇದ್ದೂ ಇದ್ದೂ ಸಣ್ಣ ಸದ್ದು ಅವರ ಕಿವಿಗೆ ಬೀಳ್ತಿರ್ಲಿಲ್ಲ. ಮಾತು ಕೇಳ್ತಿತ್ತು, ಅದಕ್ಕೇ ಹೊರಗಿನೋರಿಗೆ ಯಾರಿಗೂ ಗೊತ್ತಾಗ್ಲಿಲ್ಲ. ಅವರೂ ಹೇಳ್ಕಳ್ಳಿಲ್ಲ."

ಎದೆ ಹಗುರಾಯಿತು, ಮರುಗಳಿಗೆಯೇ ಅನುಮಾನ. ಕತೆ ಕೇಳಿದ ಮೇಲೆ ಬಂದ ಸಾಕ್ಷಿ ಅದು. ನನ್ನ ಮುಖ ನೋಡಿ ಸಮಾಧಾನಕ್ಕೆ ಹೇಳಿರಬಹುದು.

ಮುಂದಿನ ಭಾನುವಾರ ಅದೇ ಕಾರಿನಲ್ಲಿ ಒಬ್ಬನೇ ಹೊಸದುರ್ಗಕ್ಕೆ ಹೋದೆ. ಮಾವನ ಮಗಳು ಅಲ್ಲಿದ್ದಾಳೆ. ಅವಳಿಗೆ ಹುಣಸೆಮರದ ಕತೆ ಗೊತ್ತಿಲ್ಲ. ಗ್ಯಾರೇಜಿಗೆ ಬಂದ ದಿನದ್ದು ಅಮ್ಮ ಏನಾದರೂ ಹೇಳಿದರಾ ಎಂದು ವಿಚಾರಿಸಿದೆ, ಇಲ್ಲವೆಂದಳು. ಕಿವಿಯ ಮಾತು, ಕಾರ್ಬುರೇಟರಿನ ಮಾತು ಎರಡನ್ನೂ ನಾನು ಎತ್ತಲಿಲ್ಲ. ಊಟವಾದ ಮೇಲೆ, ಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬದಲಿಸುತ್ತಿದ್ದದ್ದು ಯಾರು ಎಂದು ಕೇಳಿದೆ.

"ಇದೇನು ಭಾವ, ಇಷ್ಟು ದೂರ ಬಂದು ಸಿಲಿಂಡರ್ ವಿಚಾರ!" ಎಂದಳು. "ಅಪ್ಪಾನೇ ಹಾಕ್ತಿದ್ರು. ಯಾರನ್ನೂ ಮುಟ್ಟಕ್ಕೆ ಬಿಡ್ತಿರ್ಲಿಲ್ಲ. ಆದ್ರೆ ಹಾಕಿದ ಮೇಲೆ ನನ್ನ ಕರೆದು, 'ಬಗ್ಗಿ ಕೇಳವ್ವಾ, ಸುಯ್ ಅಂತೈತಾ' ಅಂತಿದ್ರು. ಸೋರೋ ಸದ್ದು ಅವರಿಗೆ ಕೇಳ್ತಿರ್ಲಿಲ್ಲ."